ಅಪ್‌ಡೇಟ್ ಆದ ಮೇಲೆ ವೈಫೈ ಹೋಯ್ತು, ಫಾರ್ಮ್ಯಾಟ್ ಹೊಡಿಬೇಕೇನ್ರಿ?

ಪ್ರಶ್ನೆ: "ಸರ್, ನಿನ್ನೆ ರಾತ್ರಿ ಲ್ಯಾಪ್‌ಟಾಪ್ ತಾನೇ ಅಪ್‌ಡೇಟ್ ಆಗ್ಯಾದ. ಮುಂಜಾನೆ ನೋಡಿದ್ರ ವೈಫೈ ಗುರುತೇ ಮಾಯ. ಮೊಬೈಲಿಗೆ ಬರ್ಲಕತ್ತದ, ಇದಕ್ಕಷ್ಟೇ ಇಲ್ಲ. ಫಾರ್ಮ್ಯಾಟ್ ಹೊಡಿಬೇಕೇನ್ರಿ?"

ಬ್ಯಾಡ್ರಿ. ಉತ್ತರ ಇಷ್ಟೇ. ಈ ವಾರದಲ್ಲಿ ಇದೇ ಮಾತನ್ನು ಐದು ಮಂದಿಗೆ ಹೇಳಿದ್ದೇನೆ. ಕಲಬುರಗಿ ಬಿಸಿಲಲ್ಲಿ ಗಂಟಲು ಒಣಗಿಸಿಕೊಳ್ಳುವುದಕ್ಕಿಂತ ಒಮ್ಮೆ ಬರೆದಿಟ್ಟರೆ ಮುಂದೆ ಕೇಳಿದವರಿಗೆ ಕಳಿಸಿಬಿಡಬಹುದು.

ಮೊಬೈಲಿಗೆ ಬರುತ್ತಿದೆ ಎಂದರೆ ರೌಟರ್ ಸರಿಯಿದೆ. ಕೇಬಲಿನವನಿಗೆ ಫೋನ್ ಹಚ್ಚಿ ಬೈಯುವ ಕೆಲಸವಿಲ್ಲ. ಹೆಚ್ಚಾಗಿ ಕೆಟ್ಟಿರುವುದು ಡ್ರೈವರ್, ಅಂದರೆ ವಿಂಡೋಸಿಗೂ ಒಳಗಿನ ವೈಫೈ ಕಾರ್ಡಿಗೂ ನಡುವೆ ಕೂತ ದುಭಾಷಿ. ಹೊಸ ದುಭಾಷಿ ಬಂದಿದ್ದಾನೆ, ಅವನಿಗೂ ಕಾರ್ಡಿಗೂ ಮಾತು ಕೂಡುತ್ತಿಲ್ಲ.

ಮೊದಲು ಪುಕ್ಕಟೆ ಉಪಾಯ. "ಬಂದ್ ಮಾಡಿ ಚಾಲೂ ಮಾಡೀನ್ರಿ" ಎನ್ನುತ್ತೀರಿ, ಗೊತ್ತು. ಆದರೆ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ವಿಂಡೋಸ್ ಅರ್ಧ ಕಣ್ಣು ತೆರೆದೇ ಮಲಗಿರುತ್ತದೆ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ನನ್ನು 30 ಸೆಕೆಂಡ್ ಹಾಗೇ ಅದುಮಿ ಹಿಡಿಯಿರಿ. ಮತ್ತೆ ಚಾಲೂ ಮಾಡಿ. ಎಷ್ಟೋ ಕಾರ್ಡು ಇಷ್ಟಕ್ಕೇ ಎದ್ದು ಕೂರುತ್ತವೆ.

ಏಳಲಿಲ್ಲವೇ? ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ, ಅದರಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್. ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್ ಹೀಗೆ ಯಾವುದೋ ಹೆಸರಿನ ಜೊತೆ ವೈಫೈ, ವೈರ್‌ಲೆಸ್ ಅಥವಾ 802.11 ಅಂತ ಇರುತ್ತದೆ. ಪಕ್ಕದಲ್ಲಿ ಹಳದಿ ತ್ರಿಕೋನವೂ ಇರಬಹುದು. ಡಬಲ್ ಕ್ಲಿಕ್ ಮಾಡಿ, ಡ್ರೈವರ್ ಟ್ಯಾಬಿಗೆ ಹೋಗಿ, ಹಳೆಯ ಡ್ರೈವರನ್ನು ಮರಳಿ ತರುವ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ. ಯಾಕೆ ಅಂತ ಕೇಳುತ್ತದೆ, ಯಾವುದಾದರೂ ಒಂದು ಕಾರಣ ಹೇಳಿ. ರೀಸ್ಟಾರ್ಟ್ ಮಾಡಿ.

ಆ ಬಟನ್ ಮಂಕಾಗಿದ್ದರೆ ಪಕ್ಕದ 'ಅಪ್‌ಡೇಟ್ ಡ್ರೈವರ್' ಒತ್ತಿ, ನಮ್ಮ ಕಂಪ್ಯೂಟರಿನಲ್ಲೇ ಇರುವ ಪಟ್ಟಿಯಿಂದ ಆರಿಸುತ್ತೇನೆ ಅನ್ನುವ ದಾರಿ ಹಿಡಿಯಿರಿ. ಹಳೆಯ ಆವೃತ್ತಿ ಅಲ್ಲೇ ಬಿದ್ದಿರಬಹುದು. ಅಲ್ಲೂ ಇಲ್ಲವೆಂದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ನಿಮ್ಮ ಮಾಡೆಲ್ಲಿನ ಡ್ರೈವರ್ ಇಳಿಸಿ. "ನೆಟ್ಟೇ ಇಲ್ಲಲ್ರಿ!" ಮೊಬೈಲ್ ಇದೆಯಲ್ಲ. ಚಾರ್ಜಿಂಗ್ ವೈರಿನಿಂದ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ವೈಫೈ ಕಾರ್ಡಿನ ಹಂಗೇ ಇಲ್ಲ. ಎಲ್ಲ ಸರಿಯಾದ ಮೇಲೆ ವಿಂಡೋಸ್ ಅಪ್‌ಡೇಟನ್ನು ಕೆಲವು ವಾರ ತಡೆದಿಡಿ (Pause), ಇಲ್ಲವಾದರೆ ಅದೇ ದುಭಾಷಿ ಹಿತ್ತಲ ಬಾಗಿಲಿಂದ ಮತ್ತೆ ಬರುತ್ತಾನೆ.

ಈಗ ಫಾರ್ಮ್ಯಾಟಿನ ಮಾತು, ಅಂದರೆ ವಿಂಡೋಸ್ ಇರುವ ಸಿ ಡ್ರೈವನ್ನು ಅಳಿಸಿ ಪೆನ್‌ಡ್ರೈವಿನಿಂದ ವಿಂಡೋಸನ್ನು ಹೊಸದಾಗಿ ಹಾಕುವುದು. ಮೋಟರಿನ ಫ್ಯೂಸ್ ಹೋದರೆ ಹೊಸ ಬೋರ್ ಕೊರೆಸುವವರನ್ನು ನಮ್ಮ ಕಡೆ ನಾನು ಕಂಡಿಲ್ಲ. ಲ್ಯಾಪ್‌ಟಾಪ್ ವಿಷಯಕ್ಕೆ ಬಂದರೆ ಮಾತ್ರ ಎಲ್ಲರಿಗೂ ಬೋರೇ ಕೊರೆಸಬೇಕು. "ಫಾರ್ಮ್ಯಾಟ್ ಹೊಡದ್ರ ಸರಿ ಆಗ್ತದಲ್ರಿ, ನಮ್ಮ ಕಾಕಾನ ಮಗಂದು ಆಗ್ಯಾದ" ಅಂತ ವಾದ ಬೇರೆ. ಆಗಿರುವುದು ಸುಳ್ಳಲ್ಲ. ಯಾಕೆ ಆಯಿತು ಕೇಳಿ: ಪೆನ್‌ಡ್ರೈವಿನಲ್ಲಿದ್ದ ವಿಂಡೋಸ್ ಜೊತೆ ಹಳೆಯ ಡ್ರೈವರ್ ಬಂತು, ಅದಕ್ಕೇ ವೈಫೈ ಎದ್ದಿತು. ಅದೇ ಹಳೆಯ ಡ್ರೈವರನ್ನು ರೋಲ್ ಬ್ಯಾಕ್ ಎರಡು ನಿಮಿಷದಲ್ಲಿ ಕೊಡುತ್ತಿತ್ತು. ಇನ್ನು ನೆಟ್ ಬಂದ ಕೂಡಲೇ ಅಪ್‌ಡೇಟ್ ಶುರುವಾಗುತ್ತದೆ, ಹೊಸ ಡ್ರೈವರ್ ಮತ್ತೆ ಇಳಿಯಬಹುದು. ಹಾಗಾದಾಗ ಮತ್ತೊಮ್ಮೆ ಫಾರ್ಮ್ಯಾಟೇ?

ಪೆನ್‌ಡ್ರೈವಿನಲ್ಲಿ ನಿಮ್ಮ ಕಾರ್ಡಿನ ಡ್ರೈವರೇ ಇಲ್ಲದಿದ್ದರೆ ಇನ್ನೂ ಚೆಂದ. ವಿಂಡೋಸ್ 11 ಹಾಕುವಾಗ ನಡುದಾರಿಯಲ್ಲಿ ನೆಟ್ ಕೊಡು ಅನ್ನುತ್ತದೆ, ಕೊಡಲು ವೈಫೈ ಇಲ್ಲ.

ಹೋದ ವರ್ಷ ಬಿ.ಎಡ್. ಓದುವ ಹುಡುಗಿಯೊಬ್ಬಳು ಇನ್ನೆಲ್ಲೋ ಫಾರ್ಮ್ಯಾಟ್ ಮಾಡಿಸಿಕೊಂಡು ನನ್ನ ಟೇಬಲ್ ಮುಂದೆ ಬಂದು ನಿಂತಳು. "ಡಿ ಡ್ರೈವ್ ಮುಟ್ಟಿಲ್ಲ ಅಂದಾರ್ರಿ" ಅಂದಳು. ಮುಟ್ಟಿರಲಿಲ್ಲ, ನಿಜ. ಆದರೆ ಅವಳ ಪ್ರಾಜೆಕ್ಟ್ ಇದ್ದದ್ದು ಡೆಸ್ಕ್‌ಟಾಪಿನ ಮೇಲೆ, ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ. ಮೇಲ್‌ನಲ್ಲಿ ಸಿಕ್ಕ ಹಳೆಯ ಪ್ರತಿ ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಗಳ ತಲೆಗೆ ಗೆರೆ, ಚುಕ್ಕಿ ಹಚ್ಚಿದ ಚಿತ್ತಾರ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲು, ಫಾರ್ಮ್ಯಾಟಿನಲ್ಲಿ ನುಡಿ ಫಾಂಟು ಹೋಗಿತ್ತು. ನುಡಿ ಮತ್ತೆ ಹಾಕಿದೆ, ಅಕ್ಷರ ಬಂದವು. ಡೆಸ್ಕ್‌ಟಾಪಿನ ಮೇಲಿದ್ದ ಕೊನೆಯ 40 ಪುಟ ಬರಲಿಲ್ಲ.

ಹಾಗಾದರೆ ಅಂಗಡಿಯವರು ಯಾಕೆ ಫಾರ್ಮ್ಯಾಟ್ ಅನ್ನುತ್ತಾರೆ? ತಲೆ ಓಡಿಸುವುದು ಬೇಡ, ಹಚ್ಚಿಟ್ಟು ಚಹಾ ಕುಡಿದು ಬರಬಹುದು, ರೊಕ್ಕವೂ ಹೆಚ್ಚು. ಕಟ್ಟೆ ಮೇಲೆ ಕೂತು ಬೈಯುತ್ತಿಲ್ಲ, ಅಂಗಡಿ ಹಾಕಿದ ಮೊದಲ ಎರಡು ವರ್ಷ ನಾನೂ ಅದನ್ನೇ ಮಾಡಿದವನು.

ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಹೆಸರೇ ಇಲ್ಲ, ವ್ಯೂ ಮೆನುವಿನಲ್ಲಿ ಹಿಡನ್ ಡಿವೈಸಸ್ ತೋರಿಸಿದರೂ ಇಲ್ಲ, 30 ಸೆಕೆಂಡಿನ ಉಪಾಯಕ್ಕೂ ಬರಲಿಲ್ಲ ಅಂದರೆ ಆಗ ಕಾರ್ಡು ಸಡಿಲಾಗಿರಬಹುದು, ಸತ್ತೂ ಇರಬಹುದು. ಆಗ ಬನ್ನಿ. ಅದಕ್ಕೂ ಫಾರ್ಮ್ಯಾಟ್ ಮದ್ದಲ್ಲ.

ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ, ಹೇಗೂ ನಾಳೆ ಕೇಳುವವರೇ. ಡ್ರೈವರ್ ಸರಿಯಾದ ಮೇಲೂ "ಒಳಗಿನ ಖೋಲ್ಯಾಗ ಬರಂಗಿಲ್ರಿ" ಎನ್ನುತ್ತಾರೆ. ಶಹಾಬಾದ್, ಚಿತ್ತಾಪುರ ಕಡೆಯ ಹಳೆಯ ಮನೆಗಳ ಕಲ್ಲಿನ ಗೋಡೆ ಮೊಳದಷ್ಟು ದಪ್ಪ. ರೌಟರಿನಿಂದ ಎರಡು ಹೆಸರು ಕಾಣುತ್ತಿದ್ದರೆ 5 ಗಿಗಾಹರ್ಟ್ಸ್‌ನದು ಜೋರಾಗಿ ಓಡುತ್ತದೆ, ಆದರೆ ಗೋಡೆ ದಾಟುವುದರಲ್ಲಿ ಸೋಲುತ್ತದೆ; ಒಳಖೋಲಿಗೆ 2.4 ಆರಿಸಿಕೊಳ್ಳಿ. ನಮ್ಮ ಮನೆಯಲ್ಲಿ ರೌಟರನ್ನು ಪಡಸಾಲೆಯ ಗೂಡಿನೊಳಗೆ ಇಟ್ಟಿದ್ದರು, ಮೂರೂ ಕಡೆ ಕಲ್ಲು, ಸಿಗ್ನಲ್ ಅಡುಗೆಮನೆ ಹೊಸ್ತಿಲಿಗೇ ನಿಲ್ಲುತ್ತಿತ್ತು. ತೆಗೆದು ಬಾಗಿಲ ಮೇಲಿನ ಹಲಗೆಗೆ ಏರಿಸಿದೆ. ಖಾಲಿಯಾದ ಗೂಡಿನಲ್ಲಿ ಅವ್ವ ತನ್ನ ಚಿಮಣಿ ಬುಡ್ಡಿ ಇಟ್ಟುಕೊಂಡಳು, ಕರೆಂಟ್ ಹೋದಾಗ ರೌಟರಿಗಿಂತ ಅದೇ ವಾಸಿ ಅಂತ.