ಅಜ್ಜಿ ಕೊಲೆ ಮಾಡಿದರೆ ನಮಗೆ ನಗು ಯಾಕೆ ಬರುತ್ತದೆ?

ಓದುಗರ ಪ್ರಶ್ನೆ: ಅಜ್ಜಿಯೇ ಕೊಲೆಗಾರ್ತಿ ಆಗಿರುವ ಕತೆ ಓದುವಾಗ ಸತ್ತವನ ಬಗ್ಗೆ ಅಯ್ಯೋ ಅನ್ನಿಸುವುದೇ ಇಲ್ಲ. ಅಜ್ಜಿ ಸಿಕ್ಕಿಬೀಳದಿದ್ದರೆ ಸಾಕು ಅನ್ನಿಸುತ್ತದೆ. ನಗುವೂ ಬರುತ್ತದೆ. ಇದು ಸರಿಯಾ? ನಮ್ಮ ತುಮಕೂರಿನ ಕಡೆ ಇಂಥ ಕತೆ ನಡೆಯುತ್ತದಾ?

ಇದನ್ನು ತುಂಬ ಜನ ಕೇಳುತ್ತಾರೆ, ಕೇಳುವಾಗ ಸ್ವಲ್ಪ ಮುಜುಗರ ಪಡುತ್ತಾರೆ. ಮುಜುಗರ ಬೇಡ. ನೀವು ನಗುವುದು ಹೆಣ ನೋಡಿ ಅಲ್ಲ, ಹೆಣದ ಸುತ್ತ ನಿಂತವರನ್ನು ನೋಡಿ. ಮಗ, ಸೊಸೆ, ಎದುರುಮನೆಯವರು, ಪೊಲೀಸರು, ಎಲ್ಲರೂ ಕೊಲೆಗಾರನನ್ನು ಹುಡುಕುತ್ತಿದ್ದಾರೆ. ಕೊಲೆಗಾರ್ತಿ ಅಲ್ಲೇ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ಯಾರೋ ಬಂದು, "ಅಜ್ಜಿ, ಒಂಚೂರು ಆ ಕಡೆ ಜರುಗಿ" ಅನ್ನುತ್ತಾರೆ. ಅಜ್ಜಿ ಜರುಗುತ್ತಾಳೆ. ತಮಾಷೆಯೆಲ್ಲ ಇರುವುದು ಅಲ್ಲಿ.

ಇದರ ಬೇರು ಪತ್ತೇದಾರಿ ಕತೆಯಲ್ಲೇ ಇದೆ. ಇಂಗ್ಲೆಂಡಿನ ಲೇಖಕಿ ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಮೊದಲ ಸಲ ಕಾದಂಬರಿಯೊಂದರಲ್ಲಿ ಕಾಣಿಸಿಕೊಂಡಿದ್ದು 1930ರಲ್ಲಿ. ಮೂಲೆಯಲ್ಲಿ ಕೂತು ಉಲ್ಲನ್ ಹೆಣೆಯುವ ಮುದುಕಿ. ಅವಳ ಮುಂದೆ ಜನ ಮುಚ್ಚುಮರೆ ಇಲ್ಲದೆ ಮಾತಾಡುತ್ತಾರೆ. ಅವಳು ಎಲ್ಲ ಕೇಳಿಸಿಕೊಂಡು ಕೊಲೆಗಾರನನ್ನು ಹಿಡಿಯುತ್ತಾಳೆ. ಯಾರ ಲೆಕ್ಕಕ್ಕೂ ಬಾರದವಳಿಗೆ ಕೊಲೆ ಪತ್ತೆ ಹಚ್ಚುವುದು ಅಷ್ಟು ಸುಲಭ ಅಂದಮೇಲೆ, ಕೊಲೆ ಮಾಡುವುದೂ ಸುಲಭವೇ ಅಲ್ವಾ?

1941ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂದ, ಜೋಸೆಫ್ ಕೆಸೆಲ್ರಿಂಗ್ ಬರೆದ 'ಆರ್ಸೆನಿಕ್ ಅಂಡ್ ಓಲ್ಡ್ ಲೇಸ್' ನಾಟಕದಲ್ಲಿ ಹೀಗೇ ಆಯಿತು. ಬ್ರೂಕ್ಲಿನ್ನಿನ ಇಬ್ಬರು ಅಕ್ಕತಂಗಿ ಮುದುಕಿಯರು. ಇಬ್ಬರೂ ದೈವಭಕ್ತರು, ದಾನಧರ್ಮದವರು. ದಿಕ್ಕಿಲ್ಲದ ಮುದುಕರನ್ನು ಕಂಡರೆ ಅವರಿಗೆ ಪಾಪ ಅನ್ನಿಸುತ್ತದೆ. ಮನೆಯಲ್ಲೇ ಮಾಡಿದ ವೈನಿಗೆ ವಿಷ ಬೆರೆಸಿ ಕೊಟ್ಟು, ನೆಲಮಾಳಿಗೆಯಲ್ಲಿ ಹೂತು, ಮೇಲೆ ಪ್ರಾರ್ಥನೆಯನ್ನೂ ಮಾಡುತ್ತಾರೆ. ಅವರ ಪ್ರಕಾರ ಅದೂ ದಾನವೇ. ಹೊರಗೆ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾಟಕ 1,400ಕ್ಕೂ ಹೆಚ್ಚು ಪ್ರದರ್ಶನ ಕಂಡಿತು, 1944ರಲ್ಲಿ ಸಿನಿಮಾ ಕೂಡ ಆಯಿತು.

ಈಚಿನವರಲ್ಲಿ ಸ್ವೀಡನ್ನಿನ ಹೆಲೆನ್ ಟರ್ಸ್ಟೆನ್ ಬರೆದ ಮೌಡ್ ಇದ್ದಾಳೆ. 88ರ ಅಜ್ಜಿ. ಗೋಥೆನ್‌ಬರ್ಗ್ ಊರಿನಲ್ಲಿ ದೊಡ್ಡ ಮನೆ, ಬಾಡಿಗೆ ಕಟ್ಟಬೇಕಾಗಿಲ್ಲ. ಆ ಮನೆ ಮೇಲೆ ಕಣ್ಣು ಹಾಕಿದರೆ ಗತಿ ಕೆಟ್ಟಿತು ಅಂತಲೇ ಲೆಕ್ಕ. ಸ್ವೀಡನ್ ಅಷ್ಟು ದೂರದ್ದಾದರೂ ಈ ಒಂದು ವಿಷಯ ಕೇಳಿದರೆ ತುಮಕೂರಿನವರು ಥಟ್ಟನೆ ತಲೆ ಆಡಿಸುತ್ತಾರೆ. ಮನೆ, ಜಾಗ, ಸೈಟು. ನಮ್ಮಲ್ಲಿ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ.

ಊರು ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. ಅತ್ತ ವಸಂತನರಸಾಪುರದ ಕೈಗಾರಿಕಾ ಪ್ರದೇಶ, ಇತ್ತ ಹೆದ್ದಾರಿ ಉದ್ದಕ್ಕೂ ಲೇಔಟುಗಳ ಬೋರ್ಡು. ನಡುವೆ ಬಿ.ಎಚ್. ರಸ್ತೆಯ ಹಿಂದಿನ ಒಂದು ಬೀದಿಯಲ್ಲಿ ಹಳೇ ಹೆಂಚಿನ ಮನೆ, ಹಿತ್ತಲಲ್ಲಿ ನಾಲ್ಕು ತೆಂಗಿನ ಮರ, ಒಬ್ಬ ಅಜ್ಜಿ ಇರಲಿ. ಅಜ್ಜ ಉಯಿಲು ಬರೆಯದೆ ತೀರಿಕೊಂಡಿದ್ದಾನೆ. ಹಾಗಾದಾಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡನ ಸ್ವಂತ ಆಸ್ತಿಯಲ್ಲಿ ಹೆಂಡತಿಗೂ ಒಂದೊಂದು ಮಗುವಿನಷ್ಟೇ ಪಾಲು. ಅವಳ ಸಹಿ ಇಲ್ಲದೆ ಪೂರ್ತಿ ಮನೆ ಮಾರುವಂತಿಲ್ಲ. ವರ್ಷಗಟ್ಟಲೆ ಯಾರಿಗೂ ಕಾಣದ ಅಜ್ಜಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕಾದ ದಿನ ಮಾತ್ರ ಎಲ್ಲರಿಗೂ ಕಾಣುತ್ತಾಳೆ. ಅವತ್ತು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಾರ್ಸಲ್ ಬರುತ್ತದೆ, ಕಾರಿನ ಮುಂದಿನ ಸೀಟು ಸಿಗುತ್ತದೆ, "ಬಿಸಿಲಿದೆ, ನಿಧಾನ" ಅನ್ನುತ್ತಾರೆ. ಇಲ್ಲಿ ಓದುಗರು ಅಜ್ಜಿ ಪಕ್ಷಕ್ಕೆ ಬಂದಾಗಿರುತ್ತದೆ. ಕೊಲೆ ಇನ್ನೂ ಆಗಿಲ್ಲ.

ಸ್ವಲ್ಪ ಕಾನೂನು ಗೊತ್ತಿದ್ದವರು ಇಲ್ಲಿ ತಡೆಯುತ್ತಾರೆ. ಹಿರಿಯ ನಾಗರಿಕರಿಗೆ 2007ರ ಕಾಯ್ದೆ ಇದೆಯಲ್ಲ, ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ 23ನೇ ಸೆಕ್ಷನ್ ಪ್ರಕಾರ ಆ ಪತ್ರ ರದ್ದು ಮಾಡಿಸಬಹುದಲ್ಲ, ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರೆ ಆಯ್ತು, ಕೊಲೆ ಯಾಕೆ? ನಿಜ. ಆದರೆ ಅಜ್ಜಿಯ ತಲೆಯಲ್ಲಿ ಕೂತು ಯೋಚಿಸಿ. ಮಗನ ಮೇಲೆ ಅರ್ಜಿ ಕೊಟ್ಟರೆ ಬೀದಿಗೆಲ್ಲ ಗೊತ್ತಾಗುತ್ತದೆ, ಮನೆತನದ ಮಾನ ಹೋಗುತ್ತದೆ, ಮೊಮ್ಮಗಳ ಮದುವೆಗೆ ತೊಂದರೆ. ಸಾವಾದರೆ ಹಾಗಲ್ಲ. ಜನ ಬಂದು ಸಮಾಧಾನ ಹೇಳಿ ಹೋಗುತ್ತಾರೆ. ಕೊಲೆಗಿಂತ ಅರ್ಜಿಗೆ ಜಾಸ್ತಿ ಹೆದರುವ ಅಜ್ಜಿ ನಮ್ಮ ಕಡೆಯ ಅಜ್ಜಿ. ಇದನ್ನು ಬರೆಯುವವರು ಹಿಡಿದರೆ ಕತೆ ಅರ್ಧ ಆದಂತೆ.

ಇನ್ನರ್ಧ ಪೊಲೀಸರು. ಇಲ್ಲಿ ಕಾನೂನೇ ಹಾಸ್ಯಕ್ಕೆ ಅನುಕೂಲ ಮಾಡಿಕೊಟ್ಟಿದೆ. ಸಾಕ್ಷಿ ವಿಚಾರಿಸಬೇಕೆಂದು ಹೆಂಗಸರನ್ನು ಠಾಣೆಗೆ ಬರಹೇಳುವ ಹಾಗಿಲ್ಲ, ಅವರಿರುವ ಮನೆಗೇ ಹೋಗಿ ಕೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಹೇಳುವುದು ಅದನ್ನೇ. ಹಳೇ ಕಾನೂನಿನಲ್ಲೂ ಇತ್ತು. ಅಂದರೆ ಸಬ್ ಇನ್ಸ್‌ಪೆಕ್ಟರ್ ಅಜ್ಜಿಯ ಮನೆಗೆ ಬರಬೇಕು, ಅಜ್ಜಿಯ ಕುರ್ಚಿಯಲ್ಲಿ ಕೂರಬೇಕು. ಆಮೇಲೆ ಏನಾಗುತ್ತದೆ ಅಂತ ನಮಗೆ ಗೊತ್ತಿಲ್ವಾ?

"ಅಜ್ಜಿ, ನಿನ್ನೆ ಸಾಯಂಕಾಲ ಮನೇಗೆ ಯಾರ್ ಬಂದಿದ್ರು?"

"ಅದಿರ್ಲಿ, ಯಾವೂರಪ್ಪ ನಿಂದು?"

"ಶಿರಾ ಕಡೆ, ಅಜ್ಜಿ."

"ಶಿರಾದಾಗೆ ಯಾರ ಪೈಕಿ?"

"ಅಜ್ಜಿ, ಮೊದ್ಲು ನಾವು ಕೇಳಿದ್ದಕ್ಕೆ ಹೇಳಿ."

"ಹೇಳ್ತೀನಪ್ಪ, ಎಲ್ಲೋಗ್ತೀನಿ. ಮದ್ವೆ ಆಗೈತಾ?"

ಹದಿನೈದು ನಿಮಿಷದಲ್ಲಿ ಅಜ್ಜಿಗೆ ಅವನ ಸಂಬಳ, ಅವನ ಅಮ್ಮನ ಮಂಡಿನೋವು, ತಪ್ಪಿಹೋದ ಎರಡು ಸಂಬಂಧ, ಎಲ್ಲ ಗೊತ್ತಾಗಿರುತ್ತದೆ. ಅವನಿಗೆ ಅಜ್ಜಿಯ ಪೂರ್ತಿ ಹೆಸರೂ ಗೊತ್ತಾಗಿರುವುದಿಲ್ಲ. ಪುಸ್ತಕದಲ್ಲಿ "ವೃದ್ಧೆ, ಕಿವಿ ಮಂದ" ಎಂದು ಬರೆದುಕೊಂಡು ಏಳುತ್ತಾನೆ. ಕಾಫಿ ಬೇಡ ಅನ್ನುತ್ತಾನೆ. ಪಕ್ಕದಲ್ಲಿ ಕಾನ್‌ಸ್ಟೆಬಲ್ ಆಗಲೇ ಅರ್ಧ ಲೋಟ ಕುಡಿದಿರುತ್ತಾನೆ. ಓದುಗನ ಎದೆ ಧಸಕ್ಕೆನ್ನುತ್ತದೆ, ಜೊತೆಗೆ ನಗುವೂ ಬರುತ್ತದೆ. ಈ ಕತೆಗಳಿಂದ ಬೇಕಾದದ್ದು ಆ ಎರಡೂ ಒಟ್ಟಿಗೆ.

ವಿಷದ ಬಗ್ಗೆ ಜಾಸ್ತಿ ಬರೆಯಬೇಡಿ. ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದವಳು, ಅವಳಿಗೆ ಅದು ಒಗ್ಗಿತ್ತು. ನಾವು ಬರೆದರೆ ರಸಾಯನಶಾಸ್ತ್ರದ ಗೈಡ್ ಆಗುತ್ತದೆ. ಅದೂ ಅಲ್ಲದೆ ಅನುಮಾನ ಬಂದ ಸಾವಿನಲ್ಲಿ ಪೋಸ್ಟ್‌ಮಾರ್ಟಂ ಆಗಿ, ಒಳಾಂಗಗಳ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ವರದಿ ಕೈಗೆ ಬರಲು ಸಮಯ ಬೇಕು. ಕತೆಯನ್ನು ಆ ಸಮಯದಲ್ಲಿ ನಡೆಸಿ. ಅಷ್ಟರಲ್ಲಿ ಹನ್ನೊಂದನೇ ದಿನ ಬರುತ್ತದೆ, ತಿಥಿ ಊಟ ಆಗಬೇಕು, ಪೆಂಡಾಲಿನವನಿಗೆ ಅಡ್ವಾನ್ಸ್ ಯಾರು ಕೊಡಬೇಕು ಅಂತ ಅಣ್ಣತಮ್ಮಂದಿರ ಜಗಳ. ವಡೆಗೆ ಉಪ್ಪು ಕಡಿಮೆ ಆಯ್ತು ಅಂತ ಅಜ್ಜಿಯ ಗೊಣಗಾಟ. ಸಾವಿನ ಮನೆಯ ಹಾಸ್ಯ ನಮಗೆ ಹೊಸದಲ್ಲ. ಹೆಣ ಎತ್ತುವ ಮೊದಲೇ ತಮಾಷೆ ಶುರುವಾಗುವ ಊರುಗಳು ನಮ್ಮವು.

ಸಾಯುವವನು ಯಾರಿರಬೇಕು ಎಂಬುದರಲ್ಲಿ ಮಾತ್ರ ಎಚ್ಚರ ಬೇಕು. ದೊಡ್ಡ ರಾಕ್ಷಸನಾದರೆ ಕತೆ ಸೇಡಿನ ಸಿನಿಮಾ ಆಗುತ್ತದೆ. ಪಾಪದವನಾದರೆ ನಗು ಸತ್ತುಹೋಗುತ್ತದೆ. ಸಣ್ಣತನ ಇರುವವನೇ ಸರಿ. ಅಜ್ಜಿಯ ಎದುರೇ ಅವಳ ಕೋಣೆಯನ್ನು ಟೇಪಿನಲ್ಲಿ ಅಳೆಯುವ ಬ್ರೋಕರ್. "ಇನ್ನೆಷ್ಟು ದಿನ ಬಿಡಿ" ಅಂತ ಫೋನಿನಲ್ಲಿ ಜೋರಾಗಿ ಹೇಳುವ ಅಳಿಯ.

ಇಲ್ಲಿ ನಮ್ಮ ಜಿಲ್ಲೆಯವರು ತಪ್ಪದೆ ಒಂದು ಹೆಸರು ಎತ್ತುತ್ತಾರೆ: ಸಯನೈಡ್ ಮಲ್ಲಿಕಾ ಅಂತ ಪತ್ರಿಕೆಗಳು ಕರೆದ ಕೆಂಪಮ್ಮ. 2007ರ ಕೊನೆಯಲ್ಲಿ ಸಿಕ್ಕಿಬಿದ್ದಳು. ದೇವಸ್ಥಾನಗಳಿಗೆ ಕಷ್ಟ ಹೇಳಿಕೊಳ್ಳಲು ಬರುವ ಹೆಂಗಸರ ಸ್ನೇಹ ಮಾಡಿ, ಪೂಜೆ ಮಾಡಿಸುವ ನೆಪದಲ್ಲಿ ಸಯನೈಡ್ ಕೊಟ್ಟು, ಒಡವೆ ದೋಚಿದ ಪ್ರಕರಣ. ಆ ಕ್ಷೇತ್ರಗಳಲ್ಲಿ ತುಮಕೂರು ಜಿಲ್ಲೆಯವೂ ಇದ್ದವು. ಅವಳು ಅಜ್ಜಿ ವಯಸ್ಸಿನವಳೂ ಅಲ್ಲ. ಅದನ್ನು ಓದಿ ಯಾರೂ ನಗಲಿಲ್ಲ, ನಗಲು ಆಗುವುದೂ ಇಲ್ಲ. ಅಲ್ಲಿ ಸತ್ತವರೇ ಯಾರ ಕಣ್ಣಿಗೂ ಬೀಳದ ಹೆಂಗಸರು. ಮಕ್ಕಳಿಲ್ಲ, ಮನೆಯಲ್ಲಿ ನೆಮ್ಮದಿ ಇಲ್ಲ ಅಂತ ದೇವರ ಮುಂದೆ ಅಳಲು ಬಂದವರು. ಕತೆಯ ಅಜ್ಜಿಯದು ಇದಕ್ಕೆ ಪೂರಾ ತಿರುಗಾಮುರುಗಾ: ಯಾರೂ ನೋಡದವಳು, ತನ್ನನ್ನು ನೋಡದವರ ಮೇಲೆ ಕೈ ಎತ್ತುತ್ತಾಳೆ. ನಿಜವಾದ ಕೇಸನ್ನೇ ಹಾಸ್ಯಕತೆ ಮಾಡಲು ಹೊರಟವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. (ಕೋಲಾರದ ಕಡೆಯವರಿಗೆ ಸಯನೈಡ್ ಅಂದರೆ, ಅದನ್ನು ಬಳಸಿ ಚಿನ್ನ ತೆಗೆದ ಕೆಜಿಎಫ್ ಗಣಿಯ ತ್ಯಾಜ್ಯದ ದಿಬ್ಬಗಳು ನೆನಪಾಗುತ್ತವೆ, ಕತೆಗೆ ತರುವ ಆಸೆಯೂ ಆಗುತ್ತದೆ. ಆ ದಿಬ್ಬಗಳ ದೂಳು ಕುಡಿದು ಬದುಕಿದವರ ಕತೆ ಬೇರೆಯೇ ಇದೆ, ಅದನ್ನು ಅವರಿಗೇ ಬಿಡಿ.)

ಕೊನೆಗೆ ಅಜ್ಜಿ ಸಿಕ್ಕಿಬೀಳಬೇಕಾ? ಬ್ರೂಕ್ಲಿನ್ನಿನ ಅಕ್ಕತಂಗಿಯರು ಹುಚ್ಚಾಸ್ಪತ್ರೆಗೆ ತಾವಾಗಿಯೇ ಖುಷಿಯಿಂದ ಹೊರಡುತ್ತಾರೆ. ನಾಟಕ ಮುಗಿಯುವುದು ಅವರು ಆ ಆಸ್ಪತ್ರೆಯವನಿಗೂ ಒಂದು ಲೋಟ ವೈನ್ ಕೊಡುವಲ್ಲಿ. ನನಗೆ ಇಷ್ಟವಾಗುವುದು ಬೇರೆ ಥರ. ಆ ಮನೆಯಲ್ಲಿ ಅಜ್ಜಿಯಷ್ಟೇ ಯಾರ ಕಣ್ಣಿಗೂ ಬೀಳದವಳು ಇನ್ನೊಬ್ಬಳಿದ್ದಾಳಲ್ಲ, ಪಾತ್ರೆ ತೊಳೆಯಲು ಬರುವವಳು. ಪೊಲೀಸರು ಅವಳನ್ನೂ ಏನೂ ಕೇಳಿಲ್ಲ. ತಿಥಿ ಮುಗಿದ ಮಾರನೇ ದಿನ ಅವಳು ಹಿತ್ತಲಿನಿಂದ ಕೂಗಲಿ: "ಅಮ್ಮಾವ್ರೇ, ಈ ಲೋಟ ಬೇರೆ ತೊಳೀಲಾ, ಇಲ್ಲಾ ಬಿಸಾಕ್ಲಾ?" ಅಜ್ಜಿ ಸ್ವಲ್ಪ ಹೊತ್ತು ಸುಮ್ನೆ ಇದ್ದು, ಮುಂದಿನ ತಿಂಗಳಿಂದ ಐನೂರು ಜಾಸ್ತಿ ಕೊಡುತ್ತೇನೆ ಅನ್ನಲಿ. ಅವಳು ಸಾವಿರಕ್ಕೆ ನಿಲ್ಲಲಿ. ಚೌಕಾಸಿ ನಡೆಯಲಿ. ಏಳುನೂರೈವತ್ತಕ್ಕೆ ಒಪ್ಪಿಕೊಂಡು, ಅವತ್ತಿನಿಂದ ಆ ಮನೆಯಲ್ಲಿ ಕಾಫಿ ಕುಡಿಯುವುದನ್ನು ಬಿಟ್ಟುಬಿಡಲಿ.