ಸುಮ್ಮನೆ ಮಲಗಿರುವ ಅಜ್ಜಿಯ ಉಸಿರು ಎಣಿಸಿದ್ದೀರಾ?

ವಾರ್ಡಿನಲ್ಲಿ ನರ್ಸ್ ರೋಗಿಗಳನ್ನು ನೋಡುವುದು ಹಾಸಿಗೆ ನಂಬರಿನ ಪ್ರಕಾರ ಎಂದು ಬಹಳ ಜನ ತಿಳಿದಿದ್ದಾರೆ. ಜೋರಾಗಿ ಕೂಗಿದವರಿಗೆ ಮೊದಲ ಸರದಿ ಎಂದು ನಂಬಿದವರೂ ಇದ್ದಾರೆ, ಅವರು ಅದೇ ಪ್ರಕಾರ ಕೂಗುತ್ತಾರೆ. ಎರಡೂ ತಪ್ಪು. ಎರಡನೆಯದಂತೂ ಅಪಾಯಕಾರಿ. ಗಂಟಲು ಹರಿಯುವಂತೆ ಕೂಗುವವನ ಶ್ವಾಸನಾಳ ತೆರೆದಿದೆ, ಮಿದುಳಿಗೆ ರಕ್ತ ತಲುಪುತ್ತಿದೆ ಎಂಬುದಕ್ಕೆ ಆ ಕೂಗೇ ಸಾಕ್ಷಿ. ಹೆದರಬೇಕಾದದ್ದು ಸದ್ದಿಲ್ಲದ ಹಾಸಿಗೆಗೆ.

ರಾತ್ರಿ 8 ಗಂಟೆಯ ಒಂದು ಸರ್ಜಿಕಲ್ ವಾರ್ಡನ್ನು ಊಹಿಸಿಕೊಳ್ಳಿ. ಇರುವುದು ಒಬ್ಬ ಸ್ಟಾಫ್ ನರ್ಸ್, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೂರನೇ ವರ್ಷದ ಒಬ್ಬ ವಿದ್ಯಾರ್ಥಿನಿ, ಒಬ್ಬ ಆಯಾ. 3ನೇ ಹಾಸಿಗೆಯಲ್ಲಿ ಮಧ್ಯಾಹ್ನ ಹರ್ನಿಯಾ ಆಪರೇಷನ್ ಆದವರು ನೋವೆಂದು ಅರಚುತ್ತಿದ್ದಾರೆ. 7ನೇ ಹಾಸಿಗೆಯಲ್ಲಿ ಡ್ರಿಪ್ ಮುಗಿದಿದೆ, ಗಾಳಿ ಹೃದಯಕ್ಕೆ ಹೋಗಿಬಿಡುತ್ತದೆಂದು ಮಗ ಓಡಿ ಬಂದಿದ್ದಾನೆ. 9ನೇ ಹಾಸಿಗೆಯ ಸಕ್ಕರೆ ಕಾಯಿಲೆಯವರಿಗೆ 7:30ಕ್ಕೆ ಇನ್ಸುಲಿನ್ ಕೊಟ್ಟಾಗಿದೆ, ಊಟ ಇನ್ನೂ ಬಂದಿಲ್ಲ. 14ರಲ್ಲಿ ಕರುಳಿನ ಆಪರೇಷನ್ ಆಗಿ ಮೂರನೇ ದಿನದ ಅಜ್ಜಿ. ಅವರ ಕಡೆಯಿಂದ ಯಾರೂ ನರ್ಸನ್ನು ಕರೆಯಲು ಬಂದಿಲ್ಲ. ಕೇಳಿದರೆ ಸೊಸೆ, ‘ಸುಸ್ತಾಗಿದೆ ಸಿಸ್ಟರ್, ಮಲ್ಕೊಂಡಿದಾರೆ’ ಎನ್ನುತ್ತಾಳೆ.

ಅಜ್ಜಿಯ ಚಾರ್ಟ್ ನೋಡಿದರೆ ಯಾವ ಅಂಕಿಯೂ ಕಣ್ಣಿಗೆ ರಾಚುವುದಿಲ್ಲ. ಬಿಪಿ 106/70, ಪಲ್ಸ್ 108, ಜ್ವರ 100 ಡಿಗ್ರಿ ಫ್ಯಾರನ್‌ಹೀಟ್, ನಿಮಿಷಕ್ಕೆ 2 ಲೀಟರ್ ಆಮ್ಲಜನಕದ ಮೇಲೆ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾವಾರು ಮಟ್ಟ) 95. ಮಾತಾಡಿಸಿದರೆ ಸರಿಯಾಗಿಯೇ ಉತ್ತರ ಕೊಡುತ್ತಾರೆ. ಉಸಿರು ಮಾತ್ರ ನಿಮಿಷಕ್ಕೆ 26. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ‘ನ್ಯೂಸ್’ ಎಂಬ ಮುನ್ನೆಚ್ಚರಿಕೆ ಅಂಕಪಟ್ಟಿಗೆ ಇದನ್ನು ಹಾಕಿ. ಉಸಿರು 25 ಅಥವಾ ಹೆಚ್ಚಾದರೆ 3 ಅಂಕ. ಸ್ಯಾಚುರೇಷನ್ 94–95ಕ್ಕೆ 1. ಹೊರಗಿನಿಂದ ಆಮ್ಲಜನಕ ಕೊಡುತ್ತಿದ್ದರೆ 2. ಮೇಲಿನ ಬಿಪಿ 101ರಿಂದ 110 ಇದ್ದರೆ 1. ಪಲ್ಸ್ 91ರಿಂದ 110 ಇದ್ದರೆ 1. ಜ್ವರ, ಪ್ರಜ್ಞೆ ಎರಡಕ್ಕೂ ಸೊನ್ನೆ. ಮೊತ್ತ 8. ಆ ಪಟ್ಟಿಯಲ್ಲಿ 7 ಅಥವಾ ಹೆಚ್ಚಾದರೆ ತುರ್ತು. ತೀವ್ರ ನಿಗಾ ಬಲ್ಲ ವೈದ್ಯರು ಬರಬೇಕು, ರೋಗಿಯನ್ನು ನಿರಂತರ ಮಾನಿಟರ್‌ನಲ್ಲಿ ಇಡಬೇಕು. ‘ಮಲ್ಕೊಂಡಿರುವ’ ಅಜ್ಜಿಯೇ ಆ ವಾರ್ಡಿನ ಮೊದಲ ಕೆಲಸ.

ಎಂಟರಲ್ಲಿ ಮೂರು ಅಂಕ ಬರೀ ಉಸಿರಿನಿಂದ ಬಂತು. ಉಸಿರಿಗೇಕೆ ಇಷ್ಟು ತೂಕ?

ಹೊಲಿದ ಕರುಳು ಒಳಗೆ ಸೋರಿ ಸೋಂಕು ರಕ್ತಕ್ಕಿಳಿಯುತ್ತಿದೆ, ಅಂದರೆ ಸೆಪ್ಸಿಸ್ ಆಗುತ್ತಿದೆ ಎಂದುಕೊಳ್ಳಿ. ಸಣ್ಣ ರಕ್ತನಾಳಗಳ ಹರಿವು ಕೆಡುತ್ತದೆ, ಜೀವಕೋಶಗಳಿಗೆ ಆಮ್ಲಜನಕ ಸಾಲದೆ ಲ್ಯಾಕ್ಟಿಕ್ ಆಮ್ಲ ಹೆಚ್ಚುತ್ತದೆ. ರಕ್ತದಲ್ಲಿರುವ ಬೈಕಾರ್ಬನೇಟ್ ಆ ಆಮ್ಲವನ್ನು ಹಿಡಿದು ಕಾರ್ಬನ್ ಡೈಆಕ್ಸೈಡ್ ಆಗಿಸುತ್ತದೆ. ಅದನ್ನು ಹೊರಹಾಕುವ ದಾರಿ ಶ್ವಾಸಕೋಶ ಮಾತ್ರ. ಕುತ್ತಿಗೆಯ ಎರಡೂ ಬದಿ, ಕ್ಯಾರೊಟಿಡ್ ರಕ್ತನಾಳ ಕವಲೊಡೆಯುವಲ್ಲಿ, ಅಕ್ಕಿ ಕಾಳಿನಷ್ಟು ಪುಟ್ಟ ಅಂಗಾಂಶವೊಂದಿದೆ. ರಕ್ತದ ಆಮ್ಲೀಯತೆ ಏರಿದ್ದನ್ನು ಅದು ಸೆಕೆಂಡುಗಳಲ್ಲೇ ಗ್ರಹಿಸಿ ಮಿದುಳಕಾಂಡಕ್ಕೆ ತಿಳಿಸುತ್ತದೆ, ಉಸಿರಾಟ ಚುರುಕಾಗುತ್ತದೆ. ಇದರಲ್ಲಿ ರೋಗಿಯ ಇಚ್ಛೆಯ ಪಾತ್ರವಿಲ್ಲ. ‘ಏದುಸಿರು ಬರ್ತಿದೆಯಾ ಅಜ್ಜಿ’ ಎಂದರೆ ಅವರು ಇಲ್ಲ ಎಂದೇ ಹೇಳಬಹುದು.

ಬಿಪಿ ಹಾಗಲ್ಲ, ಕೊನೆಯವರೆಗೂ ಮುಖ ಉಳಿಸಿಕೊಳ್ಳುತ್ತದೆ. ಕೈಕಾಲಿನ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಹೃದಯ ವೇಗ ಹೆಚ್ಚಿಸುತ್ತದೆ, ಒತ್ತಡ ನಿಲ್ಲುತ್ತದೆ. ರಕ್ತಸ್ರಾವವನ್ನೇ ತೆಗೆದುಕೊಳ್ಳಿ: 70 ಕಿಲೋ ತೂಕದ ವಯಸ್ಕರಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ, ಅದರಲ್ಲಿ ಒಂದೂವರೆ ಲೀಟರ್ ಹೋಗುವವರೆಗೂ ಮೇಲಿನ ಬಿಪಿ ಹೆಚ್ಚುಕಡಿಮೆ ಸಹಜವಾಗಿಯೇ ಇರಬಹುದು. ‘ಬಿಪಿ ನಾರ್ಮಲ್ ಇದೆ, ಬೆಳಿಗ್ಗೆ ನೋಡೋಣ’ ಎಂಬ ಮಾತು ಎಷ್ಟು ಜೀವ ತೆಗೆದಿದೆಯೋ.

ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿನ ಮೇಲೆ ಇರುವ ಭಕ್ತಿಯಂತೂ ಇನ್ನೂ ವಿಚಿತ್ರ. ಜಪಾನಿನ ಟಕುವೊ ಅಯೊಯಾಗಿ 1970ರ ದಶಕದ ಆರಂಭದಲ್ಲಿ ಪಲ್ಸ್ ಆಕ್ಸಿಮೀಟರಿನ ತತ್ವ ಕಂಡುಕೊಂಡದ್ದು ದೊಡ್ಡ ಸಾಧನೆಯೇ. ಕೋವಿಡ್ ಕಾಲದಲ್ಲಿ ಅದು ನಮ್ಮ ಮನೆಮನೆಯ ಔಷಧಿ ಡಬ್ಬಿಗೂ ಬಂತು. ಆದರೆ ಅದು ಹೇಳುವುದು ಹಿಮೋಗ್ಲೋಬಿನ್ ಎಷ್ಟು ಶೇಕಡಾ ಆಮ್ಲಜನಕ ಹೊತ್ತಿದೆ ಎಂಬುದನ್ನಷ್ಟೇ. ರಕ್ತದಲ್ಲಿನ ಆಮ್ಲಜನಕದ ಒತ್ತಡ ಪಾದರಸದ 100 ಮಿಲಿಮೀಟರ್ ಇದ್ದಾಗ ಸ್ಯಾಚುರೇಷನ್ ಸುಮಾರು 97. ಒತ್ತಡ 60ಕ್ಕೆ ಇಳಿದಾಗಲೂ ಅದು 90. ಅಲ್ಲಿಂದ 40ಕ್ಕೆ ಇಳಿದರೆ ಒಮ್ಮೆಲೇ 75. ಹಾಸನದಿಂದ ಹೊರಟವರಿಗೆ ಸಕಲೇಶಪುರ ದಾಟುವವರೆಗೂ ಇಳಿಜಾರೇ ಗೊತ್ತಾಗದೆ, ಆಮೇಲೆ ಶಿರಾಡಿಯಲ್ಲಿ ಬಸ್ಸು ಧುಮುಕುತ್ತದಲ್ಲ, ಈ ವಕ್ರರೇಖೆಯೂ ಹಾಗೆಯೇ. 95 ಎಂಬ ಅಂಕಿ ಕಂಡಾಗ ರೋಗಿ ಬಯಲಲ್ಲಿದ್ದಾರೋ ಘಾಟಿಯ ಅಂಚಿಗೆ ಬಂದಿದ್ದಾರೋ ಕ್ಲಿಪ್ಪು ಹೇಳಲಾರದು. ಆ 95ನ್ನು ಉಳಿಸಿಕೊಳ್ಳಲು ನಿಮಿಷಕ್ಕೆ 26 ಸಲ ಎದೆ ಏರಿಳಿಯುತ್ತಿದೆ, ಜೊತೆಗೆ 2 ಲೀಟರ್ ಆಮ್ಲಜನಕವೂ ಬೇಕಾಗಿದೆ ಎಂಬುದನ್ನು ಸೇರಿಸಿ ಓದಿದರೆ ಮಾತ್ರ ಅದಕ್ಕೆ ಅರ್ಥ.

2017ರ ಪರಿಷ್ಕರಣೆಯಲ್ಲಿ ಸೇರಿದ ಒಂದು ಅಂಶ ನಮ್ಮಲ್ಲಿ ವಿಶೇಷವಾಗಿ ಬೇಕು: ಹೊಸದಾಗಿ ಕಾಣಿಸಿಕೊಂಡ ಗೊಂದಲಕ್ಕೆ ನೇರ 3 ಅಂಕ. ಸಂಜೆಯವರೆಗೆ ಸರಿಯಿದ್ದ ಅಜ್ಜ ರಾತ್ರಿ ಗೋಡೆಯ ಕಡೆ ತಿರುಗಿ ಸತ್ತುಹೋದ ಅಣ್ಣನ ಜೊತೆ ಮಾತಾಡತೊಡಗಿದರೆ, ‘ಗಾಳಿ ಸೋಕಿದೆ’ ಎಂದು ನಿಂಬೆಹಣ್ಣು ತರಿಸುವವರು ಇಂದಿಗೂ ಇದ್ದಾರೆ. ‘ವಯಸ್ಸಾಯ್ತು, ಅರಳುಮರಳು’ ಎಂದು ಕೈತೊಳೆದುಕೊಳ್ಳುವವರು ಇನ್ನೂ ಹೆಚ್ಚು, ಅವರಲ್ಲಿ ಓದಿದವರೂ ಇದ್ದಾರೆ. ಸೋಂಕು, ಆಮ್ಲಜನಕದ ಕೊರತೆ, ಸಕ್ಕರೆ ಕುಸಿತ, ಸೋಡಿಯಂ ಇಳಿತ, ಕಟ್ಟಿಕೊಂಡ ಮೂತ್ರ ಇವುಗಳಲ್ಲಿ ಯಾವುದರಿಂದಲಾದರೂ ವಯಸ್ಸಾದ ಮಿದುಳು ಹೀಗೆ ತಡವರಿಸುತ್ತದೆ. ತಾಯತ ಕಟ್ಟುವ ಕೈಗೆ ಮೊದಲು ಗ್ಲುಕೋಮೀಟರ್ ಕೊಡಿ.

ಇಷ್ಟು ಬೆಲೆಬಾಳುವ ಉಸಿರಿನ ಲೆಕ್ಕವೇ ಚಾರ್ಟಿನಲ್ಲಿ ಅತಿ ಹೆಚ್ಚು ಸುಳ್ಳು ಬರೆಸಿಕೊಳ್ಳುವ ಅಂಕಣ. ಸಾಲಾಗಿ 18, 20, 18, 20 ಎಂದು ಇದ್ದರೆ ಯಾರೂ ಎಣಿಸಿಲ್ಲ ಎಂದೇ ಲೆಕ್ಕ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವವರಿಗೆ ಒಂದು ಉಸಿರು ತಪ್ಪಿದರೆ ನಿಮಿಷಕ್ಕೆ ನಾಲ್ಕು ತಪ್ಪುತ್ತದೆ. 24ರ ಬದಲು 20 ಬಂದರೆ 2 ಅಂಕ ಇದ್ದದ್ದು ಸೊನ್ನೆ. ಪೂರ್ತಿ ಒಂದು ನಿಮಿಷ ಎಣಿಸಬೇಕು, ರೋಗಿಗೆ ತಿಳಿಯದಂತೆ ಎಣಿಸಬೇಕು. ತಿಳಿದರೆ ಉಸಿರಿನ ಲಯ ಬದಲಾಗುತ್ತದೆ. ನಾಡಿ ನೋಡಿ ಮುಗಿದ ಮೇಲೂ ಬೆರಳನ್ನು ಮಣಿಕಟ್ಟಿನ ಮೇಲೇ ಇಟ್ಟುಕೊಂಡು ಎದೆಯತ್ತ ಕಣ್ಣು ಹಾಯಿಸುವುದು ಹಳೆಯ ಸಿಸ್ಟರ್‌ಗಳ ಉಪಾಯ. ಅದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ.

ಹಾಗಾದರೆ ಎಣಿಸುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬಾರದೇ? ಧಾರಾಳವಾಗಿ ಒಪ್ಪಿಸಬಹುದು. ಅಳತೆಗಳ ಚರಿತ್ರೆಯೇ ಒಪ್ಪಿಸುವಿಕೆಯ ಚರಿತ್ರೆ. ಜರ್ಮನಿಯ ಕಾರ್ಲ್ ವುಂಡರ್‌ಲಿಕ್ 1868ರಲ್ಲಿ ಜ್ವರಮಾಪನದ ಗ್ರಂಥ ಹೊರತಂದ ಕಾಲಕ್ಕೆ ಥರ್ಮಾಮೀಟರ್ ತಜ್ಞರ ಸಲಕರಣೆ. ರಷ್ಯಾದ ಕೊರೊಟ್ಕಾಫ್ 1905ರಲ್ಲಿ ಸ್ಟೆತಸ್ಕೋಪ್ ಇಟ್ಟು ಬಿಪಿ ಕೇಳುವುದನ್ನು ತೋರಿಸಿದಾಗ ಅದು ವೈದ್ಯರ ಕೆಲಸವಾಗಿತ್ತು. ಇಂದು ಎರಡನ್ನೂ ವಿದ್ಯಾರ್ಥಿನಿ ಮಾಡುತ್ತಾಳೆ. 1854ರಲ್ಲಿ 38 ಮಂದಿ ದಾದಿಯರನ್ನು ಕಟ್ಟಿಕೊಂಡು ತುರ್ಕಿಯ ಸ್ಕುಟಾರಿಯ ಯುದ್ಧಾಸ್ಪತ್ರೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲ್‌ರನ್ನು ನಾವು ದೀಪ ಹಿಡಿದ ಮಹಾತಾಯಿ ಮಾಡಿ ಗೋಡೆಗೆ ತೂಗುಹಾಕಿದ್ದೇವೆ. ಆಕೆಯ ನಿಜವಾದ ತಲೆನೋವು ಬೇರೆ ಇತ್ತು: ತಾನಿದ್ದಾಗ ನಡೆಯುವ ಕೆಲಸ ತಾನಿಲ್ಲದಾಗಲೂ ನಡೆಯುವಂತೆ ಮಾಡುವುದು ಹೇಗೆ. ಶುಶ್ರೂಷೆಯ ಬಗ್ಗೆ ಬರೆದ ಪುಸ್ತಕದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ.

ಅಳೆಯುವುದನ್ನು ಹಂಚಬಹುದು. ಅಳತೆಯ ಅರ್ಥ ಏನು, ಮುಂದೇನು ಎಂಬ ತೀರ್ಮಾನವನ್ನು ಆಯಾಗಾಗಲಿ ವಿದ್ಯಾರ್ಥಿನಿಗಾಗಲಿ ಹಂಚುವಂತಿಲ್ಲ. ಅಮೆರಿಕದ ನರ್ಸಿಂಗ್ ಮಂಡಳಿಗಳ ಒಕ್ಕೂಟ ಇದಕ್ಕೆ ಐದು ಪ್ರಶ್ನೆ ಕೊಟ್ಟಿದೆ: ಕೆಲಸ ಹಂಚುವಂಥದ್ದೇ, ರೋಗಿಯ ಸ್ಥಿತಿ ಸ್ಥಿರವಾಗಿದೆಯೇ, ಮಾಡುವವರಿಗೆ ಬರುತ್ತದೆಯೇ, ಹೇಳಿದ್ದು ಸ್ಪಷ್ಟವೇ, ಆಮೇಲೆ ಯಾರು ನೋಡುತ್ತಾರೆ. ನಮ್ಮ ವಾರ್ಡುಗಳಲ್ಲಿ ಎಡವುವುದು ಹೆಚ್ಚಾಗಿ ನಾಲ್ಕನೆಯದರಲ್ಲಿ. ‘ಸ್ವಲ್ಪ 14 ನೋಡ್ಕೊಳ್ರೀ’ ಎಂದರೆ ಆಯಾ ನೋಡುತ್ತಾರೆ. ಅಜ್ಜಿ ಮಲಗಿರುವುದು ಕಾಣುತ್ತದೆ, ಅಷ್ಟೇ. ‘ಅಕ್ಕಾ, 14ರ ಯೂರಿನ್ ಬ್ಯಾಗ್ ಈಗ ಖಾಲಿ ಮಾಡಿ. 9 ಗಂಟೆಗೆ ಎಷ್ಟು ಎಂಎಲ್ ಬಂದಿದೆ ಅಂತ ನನಗೆ ಬಂದು ಹೇಳಿ. 30ಕ್ಕಿಂತ ಕಡಿಮೆ ಇದ್ರೆ ನಾನು ಎಲ್ಲೇ ಇರ್ಲಿ ಕರೀರಿ’ ಎಂದರೆ ಕೆಲಸ, ಹೊತ್ತು, ಅಪಾಯದ ಗೆರೆ ಮೂರೂ ಬಂದವು. (ಕಿಲೋ ತೂಕಕ್ಕೆ ಗಂಟೆಗೆ ಅರ್ಧ ಎಂಎಲ್ ಮೂತ್ರ ಬರಬೇಕು, 60 ಕಿಲೋ ಇದ್ದವರಿಗೆ ಅದು 30.)

ನರ್ಸ್ 14ಕ್ಕೆ ಹೋಗುವಾಗ ಉಳಿದ ಮೂವರು ಕಾಯುತ್ತಾ ಕೂರಬೇಕಿಲ್ಲ. ಎರಡನೇ ಸ್ಥಾನ 9ಕ್ಕೆ, ಅವರು ಒಂದು ಮಾತೂ ಆಡದಿದ್ದರೂ. ರೆಗ್ಯುಲರ್ ಇನ್ಸುಲಿನ್ ಚರ್ಮದಡಿ ಕೊಟ್ಟ ಅರ್ಧ ಗಂಟೆಗೆ ಕೆಲಸ ಶುರು ಮಾಡುತ್ತದೆ, ಆ ಅರ್ಧ ಗಂಟೆ ಆಗಲೇ ಮುಗಿದಿದೆ. ಆಯಾ ಊಟ ತರಿಸಲಿ. ವಿದ್ಯಾರ್ಥಿನಿ ಗ್ಲುಕೋಮೀಟರಿನಲ್ಲಿ ನೋಡಲಿ. 70ಕ್ಕಿಂತ ಕಡಿಮೆ ಇದ್ದರೆ ನರ್ಸನ್ನು ಕರೆಯಬೇಕು, ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಬೇಕು. 7ರ ಡ್ರಿಪ್ಪಿನ ಚಕ್ರ ತಿರುಗಿಸಿ ಮುಚ್ಚುವುದೂ ಅವಳ ಕೈಯಲ್ಲೇ ಆಗುತ್ತದೆ. ಮೇಲೆ ತೂಗುಹಾಕಿದ ಬಾಟಲಿ ಮುಗಿದರೆ ನಳಿಗೆಯ ದ್ರವ ಇಳಿದು, ರಕ್ತನಾಳದ ಒತ್ತಡಕ್ಕೆ ಸಮನಾದಲ್ಲಿ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಆಗುವ ತೊಂದರೆ ಎಂದರೆ ರಕ್ತ ಹಿಂದಕ್ಕೆ ಬಂದು ಕ್ಯಾನುಲಾ (ರಕ್ತನಾಳಕ್ಕೆ ಚುಚ್ಚಿದ ಸಣ್ಣ ಕೊಳವೆ) ಕಟ್ಟಿಕೊಳ್ಳುವುದು. ನಳಿಗೆಯ ಗಾಳಿ ತೆಗೆಯದೆ ಹೊಸ ಬಾಟಲಿ ಸಿಕ್ಕಿಸಿದಾಗ ಮತ್ತು ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ತೆರೆದುಕೊಂಡಾಗ ಗಾಳಿಯ ಭಯ ನಿಜ.

ಅರಚುತ್ತಿರುವ 3ನೆಯವರನ್ನು ಮರೆಯುವಂತಿಲ್ಲ. ಬೆನ್ನಿಗೆ ಅರಿವಳಿಕೆ ಕೊಟ್ಟ ಹರ್ನಿಯಾ ರೋಗಿ ಕಿಬ್ಬೊಟ್ಟೆ ಹಿಡಿದು ಕೂಗಿದರೆ ನೋವಿನ ಇಂಜೆಕ್ಷನ್ ತುಂಬುವ ಮುಂಚೆ ಕೇಳಬೇಕಾದ್ದು, ಆಪರೇಷನ್ ಆದಮೇಲೆ ಮೂತ್ರ ಹೋಯ್ತೇ ಎಂದು. ಆರು–ಎಂಟು ಗಂಟೆ ಹೋಗಿಲ್ಲವೆಂದರೆ ತುಂಬಿದ ಮೂತ್ರಕೋಶ ಕೈಗೇ ಸಿಗುತ್ತದೆ. ಅದಕ್ಕೆ ಬೇಕಿರುವುದು ಮೂತ್ರ ಹೊರತೆಗೆಯುವ ಕೊಳವೆ, ಕ್ಯಾತಿಟರ್.

ಇನ್ನುಳಿದದ್ದು ಡಾಕ್ಟರಿಗೆ ಫೋನು. ‘ಸರ್, 14ರ ಅಜ್ಜಿ ಯಾಕೋ ಡಲ್ ಆಗಿದಾರೆ’ ಎಂದರೆ ‘ವಾಚ್ ಮಾಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದ ‘ಎಸ್‌ಬಾರ್’ ಕ್ರಮದಲ್ಲಿ ಪರಿಸ್ಥಿತಿ, ಹಿನ್ನೆಲೆ, ಅಂದಾಜು, ಬೇಡಿಕೆ ನಾಲ್ಕೂ ಅರ್ಧ ನಿಮಿಷದಲ್ಲಿ ಮುಗಿಯುತ್ತವೆ: ‘ಸರ್, ಸರ್ಜಿಕಲ್ ವಾರ್ಡ್ ಸ್ಟಾಫ್ ನರ್ಸ್. 14ನೇ ಬೆಡ್ ಅಜ್ಜಿಗೆ ನ್ಯೂಸ್ ಸ್ಕೋರ್ 8. ಕರುಳು ಜೋಡಿಸಿ ಇವತ್ತು ಮೂರನೇ ದಿನ, ಮಧ್ಯಾಹ್ನ 18 ಇದ್ದ ಉಸಿರು ಈಗ 26, ಹೊಟ್ಟೆ ಬಿಗಿಯಾಗಿದೆ. ಒಳಗೆ ಸೋರಿ ಸೆಪ್ಸಿಸ್ ಆಗ್ತಿರಬಹುದು ಅನ್ನಿಸ್ತಿದೆ. ನೀವು ಈಗ್ಲೇ ಬಂದು ನೋಡ್ಬೇಕು. ಅಷ್ಟರಲ್ಲಿ ಕಲ್ಚರ್‌ಗೆ, ಲ್ಯಾಕ್ಟೇಟ್‌ಗೆ ರಕ್ತ ತೆಗೀಲಾ?’ 18ರಿಂದ 26 ಎಂಬ ಏರಿಕೆಯೇ ಇಲ್ಲಿ ಎಲ್ಲಕ್ಕಿಂತ ತೂಕದ ಮಾತು. ಮಧ್ಯಾಹ್ನದವರು ನಿಜವಾಗಿ ಎಣಿಸಿದ್ದರೆ ಮಾತ್ರ ಅದು ಸಿಗುತ್ತದೆ.

ಅಂಕಪಟ್ಟಿಗೂ ಮಿತಿಯಿದೆ. 16 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ ಇದು ಸಲ್ಲದು. ಹೃದಯದ ವೇಗ ತಗ್ಗಿಸುವ ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆ ನುಂಗುವವರ ನಾಡಿ ಸೋಂಕಿದ್ದರೂ 80 ದಾಟದಿರಬಹುದು. ಬೀಡಿ, ಒಲೆಯ ಹೊಗೆಯಿಂದ ಶ್ವಾಸಕೋಶ ಹಾಳಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ನಿಲ್ಲುವವರಿಗೆ ಸ್ಯಾಚುರೇಷನ್ ಗುರಿಯೇ 88ರಿಂದ 92, ಅವರಿಗೆ ಪಟ್ಟಿಯಲ್ಲಿ ಬೇರೆ ಅಂಕಣವಿದೆ. ಅಂಥವರಿಗೆ ಯಾವ ಅಂಕಣ ಬಳಸಬೇಕೆಂದು ವೈದ್ಯರು ಹಗಲಿನಲ್ಲೇ ಚಾರ್ಟಿನ ಮೇಲೆ ಬರೆದಿಡಬೇಕು. ಬರೆಯದೆ ಹೋದರೆ ರಾತ್ರಿ ಪಾಳಿಯವರು 90 ಕಂಡು ಗಾಬರಿಯಾಗಿ ಆಮ್ಲಜನಕ ಏರಿಸುತ್ತಾರೆ, ರೋಗಿ ನಿಧಾನವಾಗಿ ಮಂಪರಿಗೆ ಜಾರುತ್ತಾರೆ, ಕ್ಲಿಪ್ಪು ಮಾತ್ರ 98 ತೋರಿಸುತ್ತಿರುತ್ತದೆ.