‘ಹುಣ್ಣಾಗಿದೆ’ ಎಂಬ ಚೀಟಿ ಮತ್ತು ಕಾಲ್ಪೊಸ್ಕೋಪಿ

ನಾನು ಸ್ತ್ರೀರೋಗ ತಜ್ಞೆ. ಕೆಲಸದ ಬಹುಪಾಲು ಹೊತ್ತು ಕಳೆಯುವುದು ಗರ್ಭಕಂಠವನ್ನು, ಅಂದರೆ ಗರ್ಭಕೋಶದ ಬಾಯನ್ನು, ಹಿಗ್ಗಿಸಿ ನೋಡುವ ಕಾಲ್ಪೊಸ್ಕೋಪಿ ಕೊಠಡಿಯಲ್ಲಿ. ಅಲ್ಲಿಗೆ ಬರುವ ಅನೇಕರ ಕೈಯಲ್ಲಿ ‘ಗರ್ಭಕೋಶದ ಬಾಯಲ್ಲಿ ಹುಣ್ಣಾಗಿದೆ’ ಎಂದು ಬರೆದ ಚೀಟಿ ಇರುತ್ತದೆ. ಜೊತೆಗೆ ಬಂದ ಅಕ್ಕನೋ ಅತ್ತೆಯೋ ಕೇಳುವುದೂ ಹೆಚ್ಚುಕಡಿಮೆ ಒಂದೇ ಮಾತು: ‘ಮಕ್ಕಳೆಲ್ಲ ಆಗಿದಾವಲ್ಲ ಮೇಡಂ, ಗರ್ಭಕೋಶಾನೇ ತೆಗೆಸಿಬಿಟ್ರೆ ಕ್ಯಾನ್ಸರ್ ಭಯ ಇರಲ್ಲ ಅಲ್ವಾ?’ ಗರ್ಭಕಂಠದ ಆರೋಗ್ಯ ಕುರಿತ ಈ ಅಂಕಣವನ್ನು ಆ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ಹಾಗೆ ‘ಹುಣ್ಣು’ ಎನಿಸಿಕೊಳ್ಳುವ ಕೆಂಪು ಭಾಗ ಬಹಳಷ್ಟು ಸಲ ಹುಣ್ಣೇ ಆಗಿರುವುದಿಲ್ಲ. ಗರ್ಭಕಂಠದ ಒಳದಾರಿಯನ್ನು ಒಂದೇ ಪದರದ ತೆಳು ಜೀವಕೋಶಗಳು ಹೊದ್ದಿರುತ್ತವೆ. ಹರೆಯದಲ್ಲಿ, ಬಸುರಿಯಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಈ ಹೊದಿಕೆ ಹೊರಕ್ಕೆ ಚಾಚಿಕೊಂಡಾಗ, ಅದರಡಿಯ ರಕ್ತನಾಳಗಳು ಎದ್ದು ಕಂಡು ಆ ಜಾಗ ಕೆಂಪಗೆ ತೋರುತ್ತದೆ. ಇದು ರೋಗವಲ್ಲ, ತೊಂದರೆ ಕೊಡದಿದ್ದರೆ ಚಿಕಿತ್ಸೆಯೂ ಬೇಡ. ಇದಕ್ಕಾಗಿ ಗರ್ಭಕೋಶ ತೆಗೆಸುವುದು ಅನಗತ್ಯ ಮಾತ್ರವಲ್ಲ, ಕೆಲವೊಮ್ಮೆ ಅಪಾಯಕರವೂ ಹೌದು: ಅಲ್ಲಿ ನಿಜವಾಗಿಯೂ ಕ್ಯಾನ್ಸರ್ ಅಡಗಿದ್ದು, ಅದನ್ನು ಪತ್ತೆ ಮಾಡದೆ ಸಾಧಾರಣ ಶಸ್ತ್ರಚಿಕಿತ್ಸೆ ಮಾಡಿಬಿಟ್ಟರೆ ರೋಗ ಪೂರ್ತಿ ಹೋಗದೆ, ಮುಂದಿನ ಚಿಕಿತ್ಸೆ ಇನ್ನಷ್ಟು ಜಟಿಲವಾಗುತ್ತದೆ.

ಕೆಂಪು ಸಹಜವೋ ಅಲ್ಲವೋ ಎಂದು ಬರಿಗಣ್ಣಿನಿಂದ ಖಚಿತವಾಗಿ ಹೇಳುವುದು ಕಷ್ಟ. ಅನುಮಾನವಿದ್ದಾಗ, ಅಥವಾ ಪ್ಯಾಪ್ ಸ್ಮಿಯರ್ (ಗರ್ಭಕಂಠದಿಂದ ಸವರಿ ತೆಗೆದ ಜೀವಕೋಶಗಳ ಪರೀಕ್ಷೆ), ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ವೈರಸ್‌ನ ಪರೀಕ್ಷೆ) ಮುಂತಾದ ತಪಾಸಣೆಯಲ್ಲಿ ವ್ಯತ್ಯಾಸ ಕಂಡಾಗ ಮಾಡುವ ಪರೀಕ್ಷೆಯೇ ಕಾಲ್ಪೊಸ್ಕೋಪಿ. ಇದರ ಉಪಕರಣವನ್ನು ಜರ್ಮನಿಯ ವೈದ್ಯ ಹ್ಯಾನ್ಸ್ ಹಿನ್ಸೆಲ್‌ಮನ್ 1925ರಲ್ಲಿ ರೂಪಿಸಿದರು. ಹೆಸರು ಕೇಳಿ ಎಂಡೋಸ್ಕೋಪಿಯಂತೆ ನಳಿಕೆಯೊಂದನ್ನು ಒಳಗೆ ತೂರಿಸುತ್ತಾರೆಂದು ಹೆದರುವವರಿದ್ದಾರೆ. ಕಾಲ್ಪೊಸ್ಕೋಪ್ ದೇಹವನ್ನು ಮುಟ್ಟುವುದೇ ಇಲ್ಲ. ಸುಮಾರು ಒಂದಡಿ ದೂರದಲ್ಲಿ ನಿಂತು, ಬೆಳಕು ಚೆಲ್ಲಿ, ಗರ್ಭಕಂಠವನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಒಳಗೆ ಇಡುವುದು ಮಾಮೂಲಿ ಪರೀಕ್ಷೆಗೆ ಬಳಸುವ, ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಅಷ್ಟೇ.

ಮೊದಲು ಶೇ 3ರಿಂದ 5ರಷ್ಟು ಅಸಿಟಿಕ್ ಆಮ್ಲವಿರುವ ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕಂಠಕ್ಕೆ ಒತ್ತಿ ಹಿಡಿದು, ಒಂದು ನಿಮಿಷ ಕಾಯುತ್ತೇವೆ. ಈ ನಿಮಿಷವನ್ನು ಅವಸರದಲ್ಲಿ ಮೊಟಕು ಮಾಡಿದರೆ ಪರೀಕ್ಷೆಯೇ ಕೆಟ್ಟಂತೆ. ಬದಲಾದ ಜೀವಕೋಶಗಳಿರುವ ಜಾಗ ನಿಧಾನವಾಗಿ ಬೆಳ್ಳಗಾಗುತ್ತದೆ. ಆ ಬಿಳುಪು ಎಷ್ಟು ದಟ್ಟ, ಅಂಚು ಎಷ್ಟು ಚೂಪು, ಎಷ್ಟು ಹೊತ್ತು ಉಳಿಯಿತು, ರಕ್ತನಾಳಗಳು ಚುಕ್ಕಿಗಳಂತಿವೆಯೋ ನೆಲಕ್ಕೆ ಹಾಸಿದ ಟೈಲ್ಸ್‌ನಂತೆ ಹೆಣೆದುಕೊಂಡಿವೆಯೋ ಎಂಬುದನ್ನೆಲ್ಲ ನೋಡುತ್ತೇವೆ. ಬಳಿಕ ಅಯೋಡಿನ್ ಹಚ್ಚಿದಾಗ ಆರೋಗ್ಯವಂತ ಹೊರಪದರ ಕಡುಗಂದು ಬಣ್ಣಕ್ಕೆ ತಿರುಗುತ್ತದೆ, ಅನುಮಾನದ ಜಾಗ ಸಾಸಿವೆಯ ಹಳದಿಯಾಗಿ ಉಳಿಯುತ್ತದೆ. (ಅಯೋಡಿನ್ ಅಲರ್ಜಿ ಇದ್ದವರು ಮೊದಲೇ ಹೇಳಬೇಕು.) ಆದರೆ ಉರಿಯೂತದಿಂದಲೂ ಗರ್ಭಕಂಠ ಬೆಳ್ಳಗಾಗಬಲ್ಲದು. ಆದ್ದರಿಂದ ಅಂತಿಮ ತೀರ್ಮಾನ ಬಣ್ಣದ್ದಲ್ಲ, ಅನುಮಾನದ ಜಾಗದಿಂದ ತೆಗೆಯುವ ಕೆಲವೇ ಮಿಲಿಮೀಟರ್ ಗಾತ್ರದ ಚೂರಿನದು, ಅಂದರೆ ಬಯಾಪ್ಸಿಯದು. ಆಗ ಚಿವುಟಿದಂತೆ ನೋವಾಗಬಹುದು, ಒಂದೆರಡು ದಿನ ಅಲ್ಪಸ್ವಲ್ಪ ರಕ್ತವೋ ಕಂದು ಸ್ರಾವವೋ ಹೋಗಬಹುದು. ಬಸುರಿಯರಲ್ಲೂ ಕಾಲ್ಪೊಸ್ಕೋಪಿ ಸುರಕ್ಷಿತ. ಬಯಾಪ್ಸಿಯನ್ನು ಮಾತ್ರ ಕ್ಯಾನ್ಸರ್ ಶಂಕೆ ಬಲವಾಗಿದ್ದರಷ್ಟೇ ಮಾಡುತ್ತೇವೆ.

ಬಯಾಪ್ಸಿ ವರದಿಯಲ್ಲಿ ‘ಸಿಐಎನ್’ ಎಂದರೆ ಕ್ಯಾನ್ಸರ್‌ಗೆ ಮುಂಚಿನ ಜೀವಕೋಶ ಬದಲಾವಣೆ; ಅಂಕಿ ಹೆಚ್ಚಿದಷ್ಟೂ ಅದು ಗಂಭೀರ. ‘ಸಿಐಎನ್ 1’ ಎಂದಿದ್ದರೆ ಅದು ಹೆಚ್ಚಿನವರಲ್ಲಿ ತಾನಾಗಿಯೇ ಮಾಯವಾಗುತ್ತದೆ, ಗಮನದಲ್ಲಿಟ್ಟುಕೊಂಡರೆ ಸಾಕು. ‘ಸಿಐಎನ್ 3’ ಹಾಗಲ್ಲ. ಚಿಕಿತ್ಸೆಯಿಲ್ಲದೆ ಬಿಟ್ಟರೆ 30 ವರ್ಷಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಆಗುತ್ತದೆ. ಇಲ್ಲಿಯೂ ಗರ್ಭಕೋಶ ತೆಗೆಯುವುದು ಮೊದಲ ಆಯ್ಕೆಯಲ್ಲ. ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ಕತ್ತರಿಸಿ ತೆಗೆಯುವ ‘ಲೀಪ್’ ವಿಧಾನಕ್ಕೆ ಸ್ಥಳೀಯ ಅರಿವಳಿಕೆ ಸಾಲುತ್ತದೆ; ಸಾಮಾನ್ಯವಾಗಿ ಅಂದೇ ಮನೆಗೆ ಹೋಗಬಹುದು.

‘ಎಚ್‌ಪಿವಿ ಪಾಸಿಟಿವ್’ ಎಂಬ ವರದಿ ಮನೆಗಳಲ್ಲಿ ಜಗಳ ಹಚ್ಚಿದ್ದನ್ನು ಕಂಡಿದ್ದೇನೆ. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಬದುಕಿನ ಯಾವುದೋ ಘಟ್ಟದಲ್ಲಿ ಬಹುತೇಕ ಎಲ್ಲರಿಗೂ ತಗಲುತ್ತದೆ, ಹೆಚ್ಚಿನವರಲ್ಲಿ ಎರಡು ವರ್ಷಗಳೊಳಗೆ ಹೋಗುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ವರದಿ ನೋಡಿ ಗಂಡನ ಮೇಲೋ ಹೆಂಡತಿಯ ಮೇಲೋ ಸಂಶಯಪಡುವುದಕ್ಕೆ ವೈದ್ಯಕೀಯ ಆಧಾರವಿಲ್ಲ.

ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ 30ರಿಂದ 65 ವರ್ಷದೊಳಗಿನ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆಯಾಗಬೇಕು ಎನ್ನುತ್ತದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30–49ರ ವಯೋಮಾನದವರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ಶೇ 2ರಷ್ಟೂ ಇಲ್ಲ. ಎಚ್‌ಪಿವಿ ಲಸಿಕೆ ಪಡೆದವರಿಗೂ ತಪಾಸಣೆ ತಪ್ಪದು, ಏಕೆಂದರೆ ಲಸಿಕೆ ಕ್ಯಾನ್ಸರ್‌ಕಾರಕ ಎಚ್‌ಪಿವಿಯ ಎಲ್ಲ ಬಗೆಗಳನ್ನೂ ತಡೆಯುವುದಿಲ್ಲ. ‘ಮುಟ್ಟು ನಿಂತಿದೆ, ಇನ್ನೇನು’ ಎನ್ನುವವರಿಗೂ ಒಂದು ಮಾತು: ಆ ವಯಸ್ಸಿನಲ್ಲಿ ಗರ್ಭಕಂಠದ ಒಳಹೊದಿಕೆ ಮತ್ತು ಹೊರಪದರ ಸೇರುವ, ರೋಗ ಹುಟ್ಟುವ ಗಡಿಭಾಗ ಸಾಮಾನ್ಯವಾಗಿ ಒಳಕ್ಕೆ ಸರಿದಿರುವುದರಿಂದ ಹೊರಗಿನಿಂದ ನೋಡಿದರೆ ಕಾಣುವುದಿಲ್ಲ, ಎಚ್‌ಪಿವಿ ಪರೀಕ್ಷೆಯೇ ಹೆಚ್ಚು ಉಪಯುಕ್ತ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಪಾಸಣೆಯ ಸರದಿಗಾಗಿ ಕಾಯದೆ ಆ ವಾರವೇ ವೈದ್ಯರನ್ನು ಕಾಣಬೇಕು.